ಮಡುವಿನ ಮರದ ಬಾಟಲಿಗಳು

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಮನೆ. ಅದೇ ಗಿಡಗಳ ಪ್ರಯೋಗಶಾಲೆ. ಕಟ್ಟಿದವರು ಶಂಭುಲಿಂಗ ಮೇಷ್ಟ್ರು. ಕಲಿಯಲು ಬಂದವರೆಲ್ಲ ಒಬ್ಬೊಬ್ಬರಾಗಿ ದೊಡ್ಡ ಪ್ರಯೋಗಶಾಲೆಗಳಿಗೆ ಹೋದರು. ಉಳಿದವಳು ನೀಲಗಂಗಾ.

ಮಡುವಿನ ಪಕ್ಕ ಒಂದು ಮರವಿತ್ತು. ಆ ಜಾತಿಯದು ಬೇರೆಲ್ಲೂ ಸಿಕ್ಕಿರಲಿಲ್ಲ. ಹೋದ ಮಳೆಗಾಲದ ನೆರೆ ಅದನ್ನು ಕೊಂಡೊಯ್ದಿತು. ಅದಕ್ಕೂ ಮೊದಲೇ ನೀಲಗಂಗಾ ಚಿಗುರು ಕತ್ತರಿಸಿ ಬಾಟಲಿಗಳಲ್ಲಿ ಬೆಳೆಸಿದ್ದಳು.

ಈಗ ಆ ಮರವೆಂದರೆ ಒಂದು ಕಪಾಟಿನ ಬಾಟಲಿಗಳು, ಅಷ್ಟೇ. ಅವಳು ಅವುಗಳ ಜೊತೆ ಮಾತಾಡುತ್ತಿದ್ದಳು. ಬೇರೆ ಯಾರಿದ್ದರು? ಮೇಷ್ಟ್ರದು ಮಾತು ಕಡಿಮೆ.

ಒಂದು ದಿನ ದಂಡೆಯ ಕೆಸರಿನಲ್ಲಿ ಜಾರಿ ಬಿದ್ದು ಅವಳ ಬಲಗೈ ಮುರಿಯಿತು.

ಬಾಟಲಿಯೊಳಗಿನ ಆಹಾರ ಮುಗಿಯುತ್ತಾ ಬಂದಿತ್ತು. ಚಿಗುರುಗಳನ್ನು ಹೊಸ ಬಾಟಲಿಗಳಿಗೆ ದಾಟಿಸಲೇಬೇಕು. ಎಡಗೈಯಲ್ಲಿ ಒಂದನ್ನು ದಾಟಿಸಿ ನೋಡಿದಳು. ಅದಕ್ಕೆ ಬೂಷ್ಟು ಹಿಡಿಯಿತು.

"ಯಲ್ಲಪ್ಪನನ್ನು ಒಳಗೆ ಕರೆ," ಎಂದರು ಮೇಷ್ಟ್ರು.

ಯಲ್ಲಪ್ಪ ತಾಲ್ಲೂಕು ಕಾಲೇಜಿನ ಅಧ್ಯಾಪಕ. ಈ ಕೆಲಸ ಕಲಿಸಿ ಎಂದು ಬಹಳ ದಿನದಿಂದ ಬರುತ್ತಿದ್ದ. ಅವಳು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಬಾಟಲಿಗಳಲ್ಲಿ ಯಾವ ಗಿಡವಿದೆ ಎಂಬುದನ್ನೂ ಹೇಳಿರಲಿಲ್ಲ. ಇಂದೂ ಜಗಲಿಯ ಮೇಲೆ ಕೂತಿದ್ದ.

"ಕೈ ತೊಳೆದಿದ್ದೀನಿ ಮೇಡಂ," ಎಂದು ಅಲ್ಲಿಂದಲೇ ಕೂಗಿದ. "ಮೊಣಕೈವರೆಗೂ. ಬೇಕಾದ್ರೆ ಹೊಳೇಲಿ ಮುಳುಗಿ ಬರ್ತೀನಿ."

"ಮುಳುಗಿದರೆ ಇನ್ನೂ ಕೊಳೆ," ಎಂದಳು.

ಬಾಗಿಲು ಹಾಕಿ ಮೇಷ್ಟ್ರ ಕಡೆ ತಿರುಗಿದಳು. "ಗುರುಗಳೇ, ಅವನು ಒಂದು ಸಲ ಸೀನಿದರೆ ಮುಗಿಯಿತು. ಮೊದಲು ಬಾಳೆಯ ಚಿಗುರಿನ ಮೇಲೆ ಕಲಿಯಲಿ."

"ಅಷ್ಟರಲ್ಲಿ ಇವು ಒಣಗುತ್ತವೆ."

"ಹಾಗಾದರೆ ನೀವೇ ದಾಟಿಸಿ."

ಮೇಷ್ಟ್ರು ಕೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಅವಳು ಬಂದ ದಿನದಿಂದಲೂ ಅವು ಹಾಗೆಯೇ.

"ಅವನು ಕೆಡಿಸುತ್ತಾನೆ," ಎಂದಳು. "ಆಮೇಲೆ ಈ ಮರ ಭೂಮಿಯ ಮೇಲೇ ಇರುವುದಿಲ್ಲ."

"ಇರಲಿಕ್ಕಿಲ್ಲ."

ಅವಳಿಗೆ ಅಳು ಬಂತು. ತಡೆದುಕೊಂಡಳು.

"ಗಂಗಾ, ನೀನು ಕಲಿಯುವಾಗ ಕೆಡಿಸಿದ್ದು ಯಾವ ಗಿಡ?"

"ಒಂದು ಬಳ್ಳಿ. ಬಿಳಿ ಹೂವಿನದು. ನೀವೇ ತಂದು ಕೊಟ್ಟಿರಿ. ಒಂದು ಬಾಟಲಿಯೂ ಉಳಿಯಲಿಲ್ಲ."

"ಆಮೇಲೆ ಎಲ್ಲಾದರೂ ಕಂಡೆಯಾ?"

ಅವಳು ಯೋಚಿಸಿದಳು. ಈ ಹೊಳೆಯ ಎರಡೂ ದಂಡೆ ನಡೆದಿದ್ದಳು. ಗುಡ್ಡಗಳನ್ನು ಹತ್ತಿ ಇಳಿದಿದ್ದಳು. ಎಷ್ಟೋ ಬಳ್ಳಿಗಳನ್ನು ಕಂಡಿದ್ದಳು.

ಆ ಬಿಳಿ ಹೂವನ್ನು ಕಂಡಿರಲಿಲ್ಲ.

"ಅದು ಕೊನೆಯದಾಗಿತ್ತಾ?"

"ಹೂಂ."

"ಇಷ್ಟು ವರ್ಷ ಇದನ್ನು ಒಬ್ಬರೇ ಮನಸ್ಸಿನಲ್ಲಿ ಇಟ್ಟುಕೊಂಡಿರಾ? ಅವತ್ತೇ ನನಗೆ ಒಂದು ಮಾತು ಹೇಳಬಹುದಿತ್ತು."

ಮೇಷ್ಟ್ರು ಎದ್ದು ಹೋಗಿ ಬಾಗಿಲ ಚಿಲಕ ತೆಗೆದರು. ಜಗಲಿಯಲ್ಲಿ ಯಲ್ಲಪ್ಪ ದಡಬಡಿಸಿ ಎದ್ದು ನಿಂತ. ಮೇಷ್ಟ್ರು ದನಿ ತಗ್ಗಿಸಿದರು.

"ಹೇಳಿದ್ದರೆ ನಿನ್ನ ಕೈಯೂ ನಡುಗುತ್ತಿತ್ತು. ಅವನಿಗೂ ಹೇಳಬೇಡ."