ನರಿವೈದ್ಯನ ಮುಂದೆ ಮೂರು ಗುಡ್ಡೆ ಲದ್ದಿ

ಹಳೆಯ ದಿನಚರಿಯೊಂದರ ೧೯೭೪ನೇ ಇಸವಿ ಮೇ ೧೯ರ ಪುಟದಲ್ಲಿ, ಮಕ್ಕಳಿಗೆ ಹೇಳಿದ್ದೆಂದು ಬರೆದಿಟ್ಟ ಕಥೆ ಇದು.

ಒಂದು ಕಾಡಿನಲ್ಲಿ, ಹೊಳೆಯ ಈಚೆ ದಡದ ಹುಲ್ಲುಗಾವಲಿನಲ್ಲಿ, ಕುದುರೆಗಳ ಹಿಂಡೊಂದಿತ್ತು. ಹಿಂಡಿಗೆ ಹಿರಿಯಳು ಹೊನ್ನಜ್ಜಿ. ಮುಪ್ಪಾಗಿದ್ದರೂ ಯಾರ ಮುಂದೆಯೂ ಕತ್ತು ತಗ್ಗಿಸಿದವಳಲ್ಲ. ಮೇಯುವ ಜಾಗ ಬೇರೆ, ಲದ್ದಿ ಹಾಕುವ ಜಾಗ ಬೇರೆ ಎಂಬುದು ಅವಳ ಕಟ್ಟಳೆ. ಲದ್ದಿ ದಿಣ್ಣೆಯ ಹುಲ್ಲು ಎಷ್ಟೇ ಸೊಂಪಾಗಿ ಬೆಳೆದರೂ ಅದಕ್ಕೆ ಯಾರೂ ಬಾಯಿ ಹಾಕುವಂತಿರಲಿಲ್ಲ.

ಆ ಬೇಸಿಗೆಯಲ್ಲಿ ನರಿಯೊಂದು ಬಂತು. ಕೊರಳಿಗೆ ಬೇರುಗಳ ಹಾರ ಹಾಕಿಕೊಂಡು, ತಾನು ವೈದ್ಯ ಎಂದಿತು. "ಅಲ್ಲಿ ಹಸಿರು ನಗುತ್ತಿದೆ, ಇಲ್ಲಿ ನೀವು ಒಣಕಡ್ಡಿ ಅಗಿಯುತ್ತಿದ್ದೀರಿ. ಅಜ್ಜಿಯ ಮಾತು ಅಜ್ಜಿಯ ಕಾಲಕ್ಕೆ ಸರಿ" ಎಂದು ಎಳೆಯರ ಕಿವಿಯೂದಿತು. ಹಿಂಡಿನ ಗಟ್ಟಿಗ ಗಂಡುಗುದುರೆ ಕಾಳಿಂಗ ಮೊದಲು ದಿಣ್ಣೆ ಹತ್ತಿದ. ಹೊನ್ನಜ್ಜಿಯ ಮೊಮ್ಮಗಳು, ಪುಟ್ಟ ಮಿಡಿಯೂ ಕದ್ದು ಅವನ ಹಿಂದೆ ಹೋದಳು.

ಮಳೆಗಾಲ ಹತ್ತಿರ ಬಂತು. ಹೊಳೆ ತುಂಬುವ ಮೊದಲೇ ಹಿಂಡು ಆಚೆ ದಡ ಸೇರಬೇಕು. ಮಾರನೆಯ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ಆದರೆ ಮಿಡಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಹೊಟ್ಟೆ ಡೊಳ್ಳು, ಪಕ್ಕೆಲುಬು ಎಣಿಸುವ ಹಾಗೆ, ಕೂದಲು ಒರಟು. ಮರಕ್ಕೆ ಬಾಲದ ಬುಡ ಉಜ್ಜಿ ಉಜ್ಜಿ ಬೋಳಾಗಿತ್ತು.

ನರಿ ಕಣ್ಣು ಮುಚ್ಚಿ ಮಣಮಣ ಮಂತ್ರ ಹೇಳಿತು. "ದೃಷ್ಟಿ ತಾಗಿದೆ. ಇವಳು ಹೊಳೆ ದಾಟಿದರೆ ಇಡೀ ಹಿಂಡಿಗೆ ಕೇಡು. ನನ್ನ ಹತ್ತಿರ ಬಿಟ್ಟು ಹೋಗಿ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ." ಹಾಗೆಂದು ತುಟಿ ಸವರಿಕೊಂಡಿತು.

ಹೊನ್ನಜ್ಜಿ ಮೂತಿಯಿಂದ ಮಿಡಿಯ ತುಟಿ ಎತ್ತಿ ನೋಡಿದಳು. ಕೆಂಪಗಿರಬೇಕಾದ ವಸಡು ಸುಣ್ಣದಂತೆ ಬಿಳಿಚಿಕೊಂಡಿತ್ತು.

"ದೃಷ್ಟಿಯೂ ಅಲ್ಲ, ಗಿಷ್ಟಿಯೂ ಅಲ್ಲ. ಇದು ಹೊಟ್ಟೆಹುಳದ ಕೆಲಸ. ಲದ್ದಿ ದಿಣ್ಣೆಯ ಹುಲ್ಲಿನಿಂದ ಬಂದದ್ದು" ಎಂದಳು.

ನರಿ ಕಿಸಕ್ಕನೆ ನಕ್ಕಿತು. "ಹೊಟ್ಟೆಯೊಳಗಿನದು ನಿಮಗೆ ಹೇಗೆ ಕಾಣಿಸಿತು, ಅಜ್ಜಿ? ಅದೇ ಹುಲ್ಲು ತಿಂದ ಕಾಳಿಂಗರಾಯರನ್ನು ನೋಡಿ. ಮೈಯೆಂದರೆ ಕನ್ನಡಿ!"

ಕಾಳಿಂಗ ಕೇಸರ ಕೊಡವಿದ. "ಹೌದಲ್ಲಜ್ಜಿ, ನನಗೇನೂ ಆಗಿಲ್ಲವಲ್ಲ."

"ಒಳಗಿನದು ಹೊರಗೆ ಬಂದೇ ಬರುತ್ತದೆ, ಮಗಾ. ಲದ್ದಿಗೆ ಸುಳ್ಳು ಹೇಳಲು ಬರುವುದಿಲ್ಲ."

ಅವಳು ಮೂರು ಬಂಡೆಗಳ ಮೇಲೆ ಮೂರು ಗುಡ್ಡೆ ಲದ್ದಿ ಇಡಿಸಿದಳು. ಒಂದು ಮಿಡಿಯದು, ಒಂದು ಕಾಳಿಂಗನದು, ಒಂದು ತನ್ನದು. ಆಮೇಲೆ ನರಿಯನ್ನು ಕರೆದಳು. "ಏನಯ್ಯಾ ವೈದ್ಯ, ರೋಗಿಯದು ಯಾವುದು, ಹೇಳು ನೋಡೋಣ."

"ಅಷ್ಟೇ ತಾನೇ? ವಾಸನೆ ಸಾಕು ನನಗೆ." ನರಿ ಮೊದಲ ಗುಡ್ಡೆಯನ್ನು ಮೂಸಿತು. "ಆಹಾ, ಕಸ್ತೂರಿ! ಇದು ಕಾಳಿಂಗರಾಯರದು." ಅದು ಮಿಡಿಯದಾಗಿತ್ತು. ಕೊನೆಯದನ್ನು ಮೂಸಿ ಮೂಗು ಮುರಿಯಿತು. "ಅಯ್ಯೋ ಪಾಪ! ಇದನ್ನು ಹಾಕಿದವಳು ನಾಳೆಯ ಸೂರ್ಯನನ್ನು ಕಾಣಳು."

"ಹಾಕಿದವಳು ನಾನು ಕಣೋ!" ಎಂದಳು ಹೊನ್ನಜ್ಜಿ. ಹಿಂಡಿಗೆ ಹಿಂಡೇ ಕೆನೆದು ನಕ್ಕಿತು.

ಹೊನ್ನಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಕಾಡುಪ್ರಾಣಿಗಳು ಉಪ್ಪು ನೆಕ್ಕಲು ಬರುವ ಜೌಗಿನಲ್ಲಿ ಗೊರಸಿನಿಂದ ಮೂರು ಗುಳಿ ಮಾಡಿದಳು. ಅವುಗಳಲ್ಲಿ ಉಪ್ಪುನೀರು ತುಂಬಿಕೊಂಡಿತು. ಒಂದೊಂದರಲ್ಲೂ ಒಬ್ಬೊಬ್ಬರ ಲದ್ದಿ ಕದಡಿಸಿದಳು. ನಾರೆಲ್ಲ ತಳಕ್ಕಿಳಿಯುವವರೆಗೆ ಯಾರನ್ನೂ ಅಲುಗಾಡಗೊಡಲಿಲ್ಲ. ಹುಳದ ಮೊಟ್ಟೆ ಹಗುರ, ಉಪ್ಪುನೀರಿನಲ್ಲಿ ತೇಲುತ್ತದೆ. ಅದು ಕುದುರೆಯ ಕಣ್ಣಿಗೆ ಬೀಳದಷ್ಟು ಸಣ್ಣದು. ಅದಕ್ಕೇ ಅವಳು, ನೀರೊಳಗಿನ ಸಣ್ಣದನ್ನೂ ಕಾಣುವ ಮಿಂಚುಳ್ಳಿಯನ್ನು ಕರೆದಳು.

ಮಿಂಚುಳ್ಳಿ ಕೊಂಬೆಯ ಮೇಲಿಂದ ಬಗ್ಗಿ ನೋಡಿತು. "ಅಜ್ಜಿಯದರಲ್ಲಿ ಅಲ್ಲೊಂದು ಇಲ್ಲೊಂದು. ಮಿಡಿಯದರಲ್ಲಿ ಬೇಕಾದಷ್ಟು ಮೊಟ್ಟೆ. ಕಾಳಿಂಗಣ್ಣನದರಲ್ಲಿ... ಅಬ್ಬಬ್ಬಾ, ರಾಗಿ ಚೆಲ್ಲಿದ ಹಾಗಿದೆ!"

ಕಾಳಿಂಗನ ಕಿವಿಗಳು ಜೋತುಬಿದ್ದವು.

"ನಿನ್ನ ಮೈಗೆ ತಡೆಯುವ ಶಕ್ತಿಯಿದೆ. ಅದಕ್ಕೇ ನಿನಗೆ ತಿಳಿಯಲಿಲ್ಲ" ಎಂದಳು ಹೊನ್ನಜ್ಜಿ. "ನೀನು ಹುಲ್ಲಿಗೆ ಬಿತ್ತಿದೆ, ಮಗು ತಿಂದಿತು. ಹೊತ್ತವನು ನೀನು, ಬಿದ್ದವಳು ಅವಳು."

ಕಾಳಿಂಗ ಮೆಲ್ಲಗೆ ನರಿಯ ಕಡೆಗೆ ಬೆನ್ನು ತಿರುಗಿಸಿದ. ಹೊರಟುಹೋಗಲಿಕ್ಕಲ್ಲ. "ಪಂಡಿತರೂ ಒಮ್ಮೊಮ್ಮೆ..." ಎಂದು ನರಿ ಬಾಯಿ ತೆರೆಯುವಷ್ಟರಲ್ಲಿ ಕಾಳಿಂಗನ ಹಿಂಗಾಲು ಬೀಸಿತು. ನರಿ ಗಾಳಿಯಲ್ಲಿ ಪಲ್ಟಿ ಹೊಡೆದು, ತಾನೇ ಹೊಗಳಿದ ದಿಣ್ಣೆಯ ಮೇಲೆ ಮೂತಿ ಊರಿ ಬಿತ್ತು. ಬೇರಿನ ಹಾರ ಚೆಲ್ಲಾಪಿಲ್ಲಿಯಾಯಿತು. ಹಸಿ ಲದ್ದಿಯನ್ನು ಉಗುಳುತ್ತಾ ಅದು ಕಾಡು ಬಿಟ್ಟೇ ಓಡಿತು.

ಮರುದಿನ ಹಿಂಡು ಹೊರಡಲಿಲ್ಲ. ಪ್ರತಿಯೊಬ್ಬರ ಲದ್ದಿಯೂ ಉಪ್ಪುನೀರಿಗೆ ಬಿತ್ತು. ಹುಳ ಹೆಚ್ಚಿದ್ದವರಿಗೆ ಮಾತ್ರ ಹೊನ್ನಜ್ಜಿ ಹುಳ ಬೀಳಿಸುವ ವಾಯುವಿಳಂಗದ ಒಗರುಕಾಯಿ ತಿನ್ನಿಸಿದಳು. ಕಾಳಿಂಗ ಮುಖ ಕಿವುಚಿಕೊಂಡು ನುಂಗಿದ. ಮಿಡಿಯ ವಸಡಿಗೆ ದಿನದಿನಕ್ಕೆ ಕೆಂಪು ಏರಿತು. ಮಳೆ ಹಿಂದೆಗೆದು ಹೊಳೆ ಇಳಿದಾಗ ಎಲ್ಲರಿಗಿಂತ ಮೊದಲು ನೀರಿಗೆ ಹಾರಿದವಳು ಅವಳೇ. ಆಚೆ ದಡದಲ್ಲಿ ನಿಂತು, "ಬನ್ನಿ ಅಜ್ಜಿ, ಆಳವೇನಿಲ್ಲ!" ಎಂದು ಕೆನೆದಳು. ಹೊನ್ನಜ್ಜಿ ಕತ್ತೆತ್ತಿ ನೀರಿಗಿಳಿದಳು. ಇಡೀ ಹಿಂಡು ಅವಳ ಹಿಂದೆ ನಡೆಯಿತು.

ಇದಕ್ಕೆಲ್ಲ ತೆತ್ತದ್ದು ಇಷ್ಟು: ಆಚೆ ದಡದ ಎಳೆಹುಲ್ಲನ್ನು ಅಷ್ಟರಲ್ಲಿ ಜಿಂಕೆಗಳು ಮೇಯ್ದು ಮುಗಿಸಿದ್ದವು. ಆ ವರ್ಷ ಹಿಂಡು ಬಲಿತ ಹುಲ್ಲಿನಲ್ಲೇ ಹೊಟ್ಟೆ ಹೊರೆಯಿತು. ಮಿಡಿ ತನ್ನ ಓರಗೆಯವರಿಗಿಂತ ಒಂದು ಗೇಣು ಗಿಡ್ಡವಾಗಿಯೇ ಉಳಿದಳು.

ನೀತಿ: ಮೈಯ ಹೊಳಪು ಆರೋಗ್ಯಕ್ಕೆ ಸಾಕ್ಷಿಯಲ್ಲ, ಪರೀಕ್ಷಿಸದೆ ರೋಗಕ್ಕೆ ಹೆಸರಿಡುವವನನ್ನು ನಂಬಬಾರದು.