ನರಿ ಮಾರಿದ ವಿಡಿಯೋ ಗೇಮ್

ಕಾಡಿನಲ್ಲಿ ಒಂದು ನರಿ ವಿಡಿಯೋ ಗೇಮ್ ಯಂತ್ರಗಳನ್ನು ಮಾಡಿ ಮಾರುತ್ತಿತ್ತು. ಮೊಲ ತನ್ನ ಮಗಳಿಗೂ ಒಂದನ್ನು ತಂದುಕೊಟ್ಟಿತು. ಕೆಲವೇ ದಿನಗಳಲ್ಲಿ ಅದರ ಜಾಯ್‌ಸ್ಟಿಕ್, ಯಾರೂ ಮುಟ್ಟದಿದ್ದರೂ, ತಾನಾಗಿಯೇ ಎಡಕ್ಕೆ ವಾಲತೊಡಗಿತು. ಮೊಲ ಅದನ್ನು ಅಂಗಡಿಗೆ ಒಯ್ದು ತೋರಿಸಿತು.

"ನನ್ನ ಯಂತ್ರದಲ್ಲಿ ದೋಷವಿಲ್ಲ. ನಿಮ್ಮ ಮಗಳೇ ಒರಟಾಗಿ ಆಡಿ ಕೆಡಿಸಿದ್ದಾಳೆ" ಎಂದಿತು ನರಿ.

ಮೊಲ ಮನೆಗೆ ಬಂದು ಮಗಳನ್ನು ಬಾಯಿಗೆ ಬಂದಂತೆ ಬೈದಿತು.

ಒಂದು ದಿನ ಕೆರೆಯ ಬಳಿ ಕರಡಿ ತನ್ನ ಮಗನಿಗೆ ಹೊಡೆಯುತ್ತಿತ್ತು. ಮೊಲ ತಡೆದು ಕಾರಣ ಕೇಳಿದರೆ ಅದೇ ಯಂತ್ರ, ಅದೇ ದೋಷ, ನರಿ ಹೇಳಿದ್ದೂ ಅದೇ ಮಾತು. ವಿಚಾರಿಸಿದಾಗ ಅಳಿಲಿನ ಮನೆಯಲ್ಲೂ ಕೋತಿಯ ಮನೆಯಲ್ಲೂ ಹೀಗೇ ಆಗಿತ್ತು. ಎಲ್ಲವೂ ಸೇರಿ ಆನೆಯ ನ್ಯಾಯಾಲಯಕ್ಕೆ ಹೋದವು.

"ಒಬ್ಬೊಬ್ಬರ ಕೈ ಒಂದೊಂದು ತರಹ, ಸ್ವಾಮಿ. ಈ ದೂರುಗಳನ್ನು ಒಟ್ಟಿಗೆ ಕೇಳುವುದು ನ್ಯಾಯವಲ್ಲ" ಎಂದು ನರಿ ವಾದಿಸಿತು.

ಆನೆ ಅಂಗಡಿಯಿಂದ ಹೊಸದೊಂದು ಯಂತ್ರ ತರಿಸಿತು. "ಮುಂದಿನ ವಿಚಾರಣೆಯವರೆಗೆ ಇದರಲ್ಲಿ ನೀನೇ ಆಡು" ಎಂದಿತು.

ನರಿ ಹೂವು ಹಿಡಿದಂತೆ ಹಿಡಿದು ಆಡಿತು. ಆದರೂ ವಿಚಾರಣೆಯ ದಿನ ಅದರ ಜಾಯ್‌ಸ್ಟಿಕ್ ಎಲ್ಲರ ಎದುರಿಗೇ ಎಡಕ್ಕೆ ವಾಲಿತು.

"ಇದನ್ನು ಯಾರು ಕೆಡಿಸಿದರು?" ಎಂದು ಆನೆ ಕೇಳಿತು. ಯಂತ್ರಗಳನ್ನೆಲ್ಲ ಸರಿಪಡಿಸಿ ಕೊಡಬೇಕೆಂದು ತೀರ್ಪಾಯಿತು.

ಮೊಲ ಓಡೋಡಿ ಮನೆಗೆ ಬಂದು, "ತಪ್ಪು ನಿನ್ನದಲ್ಲ ಕಂದ. ನ್ಯಾಯಾಲಯವೇ ಹೇಳಿತು" ಎಂದಿತು.

ಮರಿ ತಾಯಿಯ ಮುಖವನ್ನೇ ನೋಡಿತು. "ನಾನೂ ಅದನ್ನೇ ಹೇಳಿದ್ದೆನಲ್ಲಮ್ಮ" ಎಂದಿತು.