ಬೇವಿಗೆ ಕಹಿ ಬಂದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೊಳೆಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಬೇವಿನ ಮರ ಬುಡದಿಂದ ತುದಿಯವರೆಗೂ ಸಿಹಿ. ಎಲೆ ಸಿಹಿ, ತೊಗಟೆ ಸಿಹಿ, ಹಣ್ಣಂತೂ ಕೇಳಲೇಬೇಡಿ.

ಆ ಮರದ ಪಕ್ಕದಲ್ಲೇ ದುರುಗವ್ವನ ಗುಡಿಸಲು. ಅವಳ ಪುಟ್ಟ ಮಗಳು ಹೊನ್ನಿ ದಿನವಿಡೀ ಬೇವಿನ ಹಣ್ಣು ಚೀಪುತ್ತ ನೆರಳಲ್ಲಿ ಆಡುತ್ತಿದ್ದಳು. ಬೇವಿಗೆ ಅವಳೆಂದರೆ ಪ್ರಾಣ.

ಒಂದು ಬೇಸಿಗೆಯಲ್ಲಿ ಹೊನ್ನಿಗೆ ಜ್ವರ ಬಂತು. ಮೈತುಂಬ ಕೆಂಪು ಗುಳ್ಳೆ ಎದ್ದವು.

"ಬೇವಕ್ಕಾ, ಕೂಸು ತುರಿಸಿಕೊಂಡು ತುರಿಸಿಕೊಂಡು ಅಳಾಕತ್ತೈತಿ. ಏನರ ಮಾಡವಾ," ಎಂದಳು ದುರುಗವ್ವ.

"ನನ್ನ ಎಲಿ ಹಾಸಿ ಮಲಗಿಸು. ಬಾಗಿಲಿಗೂ ಕಟ್ಟು, ಮಂದಿ ಒಳಗ ಬರೂದು ಬ್ಯಾಡ," ಎಂದಿತು ಬೇವು.

ದುರುಗವ್ವ ಹಾಗೇ ಮಾಡಿದಳು. ತುರಿಕೆ ಇಳಿಯಿತು. ಹೊನ್ನಿ ನಕ್ಕಳು. ಬೇವು ಹಿಗ್ಗಿ ಹೀರೇಕಾಯಿಯಾಯಿತು.

ಗಾಳಿ ಬಂದು ಹೊನ್ನಿಯ ಹಣೆ ಮುಟ್ಟಿ ನೋಡಿತು. "ತುರಿಕಿ ಇಳದೈತಿ ಖರೆ, ಜ್ವರ ಇಳದಿಲ್ಲ. ಹೊಳಿ ಆಚೆ ಮದ್ದು ಕೊಡೋ ನೀಲಮ್ಮಜ್ಜಿ ಅದಾಳ. ಆಕೀನ್ನ ಕಳಸ್ತೀನಿ," ಎಂದು ಹೊರಟಿತು.

"ನಾ ಇರೂವಾಗ ಆಕಿ ಯಾಕ?" ಬೇವು ಮುಖ ಊದಿಸಿಕೊಂಡಿತು.

ಮಧ್ಯಾಹ್ನ ನೀಲಮ್ಮಜ್ಜಿ ಮದ್ದಿನ ಗಂಟು ಹೊತ್ತು ಬಂದಳು. ಬಾಗಿಲಿಗೆ ಬೇವಿನ ಎಲೆ ಕಟ್ಟಿತ್ತು. ಬೇವು ಕಟ್ಟಿದ ಬಾಗಿಲನ್ನು ಮನೆಯವರು ಕರೆಯದೆ ದಾಟಬಾರದು, ಅದು ಕಟ್ಟಳೆ. ಅಜ್ಜಿ ಹೊರಗೇ ನಿಂತು "ದುರುಗವ್ವಾ" ಎಂದು ಮೆಲ್ಲಗೆ ಕರೆದಳು. ನಿದ್ದೆಗೆಟ್ಟು ಸೋತಿದ್ದ ತಾಯಿಗೆ ಆಗಷ್ಟೇ ಕಣ್ಣು ಹತ್ತಿತ್ತು.

ಬೇವು ಒಂದು ಕೊಂಬೆ ಅಲ್ಲಾಡಿಸಿದ್ದರೆ ಸಾಕಿತ್ತು, ಅವಳಿಗೆ ಎಚ್ಚರವಾಗುತ್ತಿತ್ತು. ಅದು ಒಂದು ಎಲೆಯನ್ನೂ ಮಿಸುಕಿಸಲಿಲ್ಲ. ಅಜ್ಜಿ ಕಾದು ಕಾದು ಹೊರಟುಹೋದಳು.

ಹೊತ್ತು ಮುಳುಗುವಷ್ಟರಲ್ಲಿ ಹೊನ್ನಿಯ ಉಸಿರು ನಿಂತಿತು.

ಮಗಳನ್ನು ಆ ಮರದ ಬುಡದಲ್ಲೇ ಮಣ್ಣು ಮಾಡಿದಳು ದುರುಗವ್ವ. ನಡೆದದ್ದನ್ನೆಲ್ಲ ಗಾಳಿ ಹೇಳಿತ್ತು. ಆದರೂ ಅವಳು ಮರವನ್ನು ಬೈಯಲಿಲ್ಲ.

"ನೀ ತಂಪು ಕೊಟ್ಟಿ, ನನ್ನ ಕೂಸು ನಕ್ಕಿತ್ತು. ಅದನ್ನ ಮರೆಯಂಗಿಲ್ಲ. ಆದರ ಅಜ್ಜಿ ಬಂದಾಗ ನನ್ನ ಯಾಕ ಎಬ್ಬಸಲಿಲ್ಲವಾ?"

 ಬೇವಿನ ದುಃಖ ಬೇರಿನಿಂದ ಮೇಲೇರಿತು. ತೊಗಟೆ ಕಹಿಯಾಯಿತು. ಎಲೆ ಕಹಿಯಾಯಿತು. ಕಹಿ ಹಣ್ಣಿನವರೆಗೆ ಬಂದಾಗ ಮಾತ್ರ ಮರ ಅಳುತ್ತ ಆ ಕಹಿಯನ್ನೇ ಬೇಡಿಕೊಂಡಿತು: "ಇದು ಹೊನ್ನೀದು. ಇದೊಂದನ್ನ ಬಿಡು."

ಆಮೇಲೆ ಊರಲ್ಲಿ ಯಾರಿಗೇ ಜ್ವರ ಬಂದರೂ ಬೇವು ತನ್ನ ಎಲೆ ಕೊಟ್ಟು, "ಅಜ್ಜೀನೂ ಕರೀರಿ, ಲಗೂನ ಕರೀರಿ," ಎನ್ನುತ್ತಿತ್ತು.

ಅದಕ್ಕೇ ಮಗು, ಇವತ್ತಿಗೂ ಬೇವಿನ ಎಲೆ ಅಗಿದರೆ ಮುಖ ಕಿವುಚುವಷ್ಟು ಕಹಿ; ನೆಲಕ್ಕುದುರಿದ ಹಳದಿ ಹಣ್ಣು ಚೀಪಿದರೆ ಮಾತ್ರ ನಾಲಿಗೆಯ ತುದಿಗೆ ಒಂದಿಷ್ಟು ಸಿಹಿ ಸಿಗುತ್ತದೆ, ಹೊನ್ನಿಗೆಂದು ಮರ ಉಳಿಸಿಕೊಂಡದ್ದು.